ಕೈ ಎತ್ತದ ಮೆಂಬರಮ್ಮ

ಆಕೆ ಉಟ್ಟಿದ್ದು ಹಸಿರು ಸೀರೆ ಎಂದು ಬರೆದು ಹೊಡೆದುಹಾಕಿದೆ. ಬಣ್ಣವನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಕುಂದಾಣದ ಕಡೆಯ ನಮ್ಮ ಪಂಚಾಯಿತಿಗೆ ಮಹಿಳಾ ಮೀಸಲಿನಲ್ಲಿ ಗೆದ್ದ ಆ ಮೆಂಬರಮ್ಮ, ಏನು ಕೇಳಿದರೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ "ಅವ್ರನ್ನೇ ಕೇಳಿ" ಎನ್ನುತ್ತಿದ್ದದ್ದಂತೂ ನಿಜ. ಅವರು ಎಂದರೆ ಗಂಡ. ಸಭೆಯಲ್ಲಿ ಆಕೆಯ ಕುರ್ಚಿಯಲ್ಲಿ ಕೂರುತ್ತಿದ್ದವನೂ ಆತನೇ. ಆಕೆ ಹಿಂದೆ ನಿಲ್ಲುತ್ತಿದ್ದರು.

ಚುನಾವಣೆ ಗೆದ್ದ ಹುಮ್ಮಸ್ಸಿನಲ್ಲಿ ಗಂಡಸರು ಒಂದು ನಿರ್ಣಯ ತಂದರು: ಗಂಡನ ಸಹಿಯಿಲ್ಲದೆ ಗರ್ಭಪಾತ ಮಾಡಬಾರದೆಂದು ಸರ್ಕಾರ ಕಾನೂನು ತರಬೇಕು. ನಲ್ಲಿ ನೀರಿನ ದೂರು ಹೇಳಲು ಬಂದಿದ್ದ ನಾನು ಬಾಗಿಲಲ್ಲೇ ಇದ್ದೆ.

"ಕೈ ಎತ್ತಮ್ಮೋ, ಎಲ್ರೂ ಎತ್ತವ್ರೆ. ನಿಮ್ ಯಜಮಾನ್ರು ಒಪ್ಪವ್ರೆ," ಎಂದು ಅಧ್ಯಕ್ಷರು ನಕ್ಕರು.

"ಇದುನ್ನ ಅವ್ರುನ್ನ ಕೇಳ್ಬೇಡಿ," ಎಂದರು ಆಕೆ. "ಎರಡ್ನೇ ಹೆರಿಗೇಲಿ ಸತ್ತು ಬದುಕಿದ್ದೆ. ಮತ್ತೆ ಬಸುರಾದಾಗ ಡಾಕ್ಟ್ರು ಬೇಡ ಅಂದ್ರು, ಇವ್ರು ಬೇಕು ಅಂದ್ರು. ಒಬ್ಳೇ ದೇವನಹಳ್ಳಿಗೆ ಹೋಗಿ ತೆಗೆಸ್ಕೊಂಡ್ ಬಂದೆ. ತಾನಾಗೇ ಹೋಯ್ತು ಅಂತ ಇವ್ರಿಗೆ ಹೇಳ್ದೆ. ಅವತ್ತು ಇವ್ರ ಸಹಿ ಕೇಳಿದ್ದಿದ್ರೆ, ಈ ಕುರ್ಚಿಗೆ ಇವ್ರು ಬೇರೆ ಹೆಂಡ್ತೀನ ಗೆಲ್ಲಿಸ್ಬೇಕಾಗಿತ್ತು."

ಯಾರೋ ನಗಲು ಹೋಗಿ ಕೆಮ್ಮಿದರು. ಗಂಡ ಎದ್ದ. ಹೊಡೆಯುತ್ತಾನೆ ಅಂದುಕೊಂಡೆ, ಹೊರಗೆ ಹೋದ. ಎತ್ತಿದ್ದ ಕೈಗಳು ಒಂದೊಂದಾಗಿ ಇಳಿದವು. ಅಷ್ಟೆಲ್ಲ ಹೇಳುವಾಗಲೂ ಆಕೆಯ ದನಿ ಅಂಗಡಿಯಲ್ಲಿ ಸಾಮಾನು ಕೇಳುವವರ ದನಿಯಂತೆ ಸಾದಾ ಆಗಿತ್ತು.

ಸಭೆ ಮುಗಿದಾಗ ಆತ ಬಿಸಿಲಲ್ಲಿ ಬೈಕ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದ. ಆಕೆ ಹೋಗಿ ಹಿಂದೆ ಕೂತರು. ಮನೆ ತಲುಪಿದ ಮೇಲೆ ಏನಾಯಿತೋ, ನನಗೆ ಗೊತ್ತಿಲ್ಲ.