ಬಾಣಂತಿಯ ಸೀನು

ಮಗಳಿಗೆ ಆಗಿನ್ನೂ ಮೂರು ತಿಂಗಳು. ಅವಳನ್ನು ಎತ್ತಿಕೊಂಡು ಮಂಕಿ ಊರಿನಲ್ಲಿರುವ ಗಂಡನ ಮನೆಗೆ ಬಂದ ವಾರವೇ ಅತ್ತೆ ಅಟ್ಟದ ಹಳೇ ಕಂಬಳಿಗಳನ್ನೆಲ್ಲ ಇಳಿಸಿ ಕೊಡವಿದರು. ಆ ಧೂಳಿಗೆ ನನ್ನ ಸೀನು ಶುರುವಾಯಿತು. ಹಿಂದೆಯೇ ಒಣಕೆಮ್ಮು. ಹಾಲು ಕುಡಿಸುವಾಗ ಸೀನಿದರೆ ಮಗಳು ಬಾಯಿ ಬಿಟ್ಟು, ಭೂಮಿ ಯಾಕೆ ನಡುಗಿತು ಎಂಬಂತೆ ನನ್ನ ಮುಖ ನೋಡುತ್ತಿದ್ದಳು.

ಗಂಡ ಕಪಾಟಿನಿಂದ ಕೆಮ್ಮಿನ ಸಿರಪ್ಪು ಹುಡುಕಿ ತಂದರು. "ಎರಡು ಮುಚ್ಚಳ ಕುಡಿ. ಎಂತಾ ಕೆಮ್ಮಾದ್ರೂ ನಿಲ್ತದೆ."

"ಹೌದು ತಮಾ, ನಿಲ್ತದೆ," ಎಂದರು ಅತ್ತೆ ಮಗನಿಗೆ. "ಹೋದ ವರ್ಷ ಅದನ್ನೇ ಕುಡ್ದು ಬಸ್ ಹತ್ತಿ, ಕುಮಟೆಯಲ್ಲಿ ಇಳೀದೆ ಅಂಕೋಲೆಗೆ ಹೋಗಿ ಎದ್ದವ ನೀನೇ ಅಲ್ವಾ? ಈಗ ಇವಳ ಹಾಲಲ್ಲಿ ಕೂಸನ್ನೂ ಅಂಕೋಲೆಗೆ ಕಳಿಸ್ತ್ಯಾ?"

ಗಂಡ ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದುವವರಂತೆ ನಟಿಸಿದರು. ನಾನು ಮಾತ್ರ ಹೆದರಿದೆ. ಯಾವ ಮದ್ದೂ ಬೇಡವೆಂದು ಹಠ ಹಿಡಿದು, ಕೆಮ್ಮಿ ಕೆಮ್ಮಿ ಪಕ್ಕೆ ನೋಯಿಸಿಕೊಂಡೆ. ಕೊನೆಗೆ ಅತ್ತೆಯೇ ಮಗುವನ್ನು ಬಟ್ಟೆಯಲ್ಲಿ ಸುತ್ತಿ, "ನಡಿ ತಂಗಿ, ಹೊನ್ನಾವರಕ್ಕೆ, ಡಾಕ್ಟರಮ್ಮನ ಹತ್ರ," ಎಂದು ನನ್ನನ್ನು ಹೊರಡಿಸಿದರು.

ಡಾಕ್ಟರಮ್ಮ ನನ್ನ ಎದೆ ಪರೀಕ್ಷಿಸಿ, ನಾವು ಒಯ್ದಿದ್ದ ಆ ಸಿರಪ್ಪಿನ ಬಾಟಲಿಯನ್ನೂ ನೋಡಿದರು. "ಇದು ಬೇಡ. ಇದರಲ್ಲಿ ನಿದ್ದೆ ಬರಿಸುವ ಔಷಧ ಇದೆ. ಹಾಲಿನ ಮೂಲಕ ಹೋಗಿ ಮಗುವಿಗೂ ಮಂಪರು ಬರಬಹುದು. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಹಾಲೇ ಕಮ್ಮಿ ಆಗ್ತದೆ. ಮೆಡಿಕಲ್ ಶಾಪಿಗೆ ಹೋದ್ರೂ ಹಾಲು ಕುಡಿಸ್ತೇನೆ ಅಂತ ಮೊದಲು ಹೇಳಿ." ಅಷ್ಟಾಗಿ ನಿದ್ದೆ ಬರಿಸದ ಬೇರೆ ಮಾತ್ರೆ ಬರೆದುಕೊಟ್ಟರು. "ಹಾಲು ನಿಲ್ಲಿಸ್ಬೇಡಿ. ಮಗು ವಿಪರೀತ ಮಲಗಿದ್ರೆ, ಹಾಲು ಕುಡೀದಿದ್ರೆ ಕೂಡಲೇ ಬನ್ನಿ."

"ಜೇನುತುಪ್ಪ ಆಗ್ತದಾ?" ಅತ್ತೆ ಕೇಳಿದರು.

"ಸೊಸೆಗೆ ಆಗ್ತದೆ. ಮಗುವಿನ ಬಾಯಿಗೆ ಒಂದು ವರ್ಷ ತುಂಬುವ ತನಕ ಬೇಡ."

ಅತ್ತೆಯ ಮುಖ ಸಣ್ಣದಾಯಿತು. ಮೊಮ್ಮಗಳ ನಾಲಿಗೆಗೆ ಜೇನು ತಾಗಿಸಬೇಕೆಂದು ಅವರ ಬೆರಳು ಎಂದಿನಿಂದಲೋ ತುರಿಸುತ್ತಿತ್ತು. "ಆತು," ಎಂದರು ಮೆಲ್ಲಗೆ.

ಮಾರನೆಯ ದಿನ, ಮಗಳಿಗೆ ಹಾಲು ಕೊಟ್ಟು ಮಾತ್ರೆ ನುಂಗಿದೆ. ರಜೆ ಹಾಕಿದ್ದ ಗಂಡ ತೊಟ್ಟಿಲ ಪಕ್ಕದಲ್ಲೇ ಕೂತರು. ಮಗಳು ಕಣ್ಣು ಮುಚ್ಚಿದರೆ ಸಾಕು, "ಮಂಪರೋ ಎಂತದೋ" ಎಂದು ಅಂಗಾಲಿಗೆ ಕಚಗುಳಿ ಇಟ್ಟು ಎಬ್ಬಿಸುವುದು, ಅವಳು ಕಿರುಚಿ ಅತ್ತರೆ "ಅಬ್ಬ!" ಎಂದು ಸಮಾಧಾನಪಡುವುದು. ಮಧ್ಯಾಹ್ನಕ್ಕೆ ನನ್ನ ಸೀನು ಇಳಿದಿತ್ತು, ಮಗಳ ಅಳು ಏರಿತ್ತು.

ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು.

"ಏಳು ತಮಾ, ಹೊರಗೆ ನಡಿ. ಮದ್ದಿಂದ ಕೂಸಿಗೆ ಎಂತದೂ ಆಗ್ಲಿಲ್ಲ. ಅದಕ್ಕೆ ತೊಂದ್ರೆ ಇರೂದು ನಿನ್ನಿಂದ!"