ಅರ್ಧ ಗುಡ್ಡದಲ್ಲಿ ಕುಳಿತವರು

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಸದಾ ಒಂದು ನೀಲಿ ಗೆರೆ ಇರುತ್ತಿತ್ತು. ದ್ರಾಕ್ಷಿಗೆ ಹೊಡೆಯುವ ಮೈಲುತುತ್ತದ ನೀಲಿ. ಸೀಗೆಕಾಯಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮದುವೆಮನೆಗಳಲ್ಲಿ ಅವರು ಎಲೆಯ ಮುಂದೆ ಕೂತಾಗ ಅನ್ನ ಕಲಸುವ ಆ ಕೈಯನ್ನೇ ನಾನು ನೋಡುತ್ತಿದ್ದೆ.

ಅವರು ಅಪ್ಪನ ಅಕ್ಕ. ತಮಿಳುನಾಡಿನ ಕಂಬಂನಲ್ಲಿ ನಮ್ಮ ಬೀದಿಯಲ್ಲೇ ಅವರ ಮನೆ, ಊರ ಹೊರಗೆ ದ್ರಾಕ್ಷಿತೋಟ. ಅಜ್ಜಿ ಬೇಗ ತೀರಿಕೊಂಡದ್ದರಿಂದ ಅಪ್ಪನನ್ನು ಎತ್ತಿ ಬೆಳೆಸಿದವರು ಅವರೇ. ಅಪ್ಪ ಅವರಿಗೆ ಎದುರಾಡಿದ್ದನ್ನು ನಾನು ಕಂಡಿಲ್ಲ.

ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಕೇರಳದ ಕಡೆಯ ಮಲೆಗಳನ್ನು ದಾಟಿ ಮೋಡ ಬರುತ್ತದೆ. ತಂಪು ಗಾಳಿ, ಸಣ್ಣ ತುಂತುರು. ಊರಿಗೆಲ್ಲ ಹಿತವಾದ ಆ ಹವೆ ದ್ರಾಕ್ಷಿಗೆ ಆಗುವುದಿಲ್ಲ. ಎಲೆಗೆ ರೋಗ ಹತ್ತುತ್ತದೆ. ಮೋಡ ನಿಲ್ಲುತ್ತದೋ ಹಾದುಹೋಗುತ್ತದೋ ಎಂದು ತಿಳಿಯಲು ಅತ್ತೆ ಕಣಿವೆಯಂಚಿನ ಯಾವುದಾದರೊಂದು ಸಣ್ಣ ಗುಡ್ಡ ಹತ್ತುತ್ತಿದ್ದರು. ನಾನು ಫೋನಿನಲ್ಲಿ ಹವಾಮಾನ ತೋರಿಸಿದರೆ, "ಅದು ಮದುರೆ ಮೋಡ, ಕಣ್ಣು, ನಮ್ದಲ್ಲ" ಎನ್ನುತ್ತಿದ್ದರು. ಪ್ರೀತಿಗೆ ನನ್ನನ್ನು ಕಣ್ಣು ಎಂದೇ ಕರೆಯುವರು.

ದಿಂಡಿಗಲ್ ಬಳಿ ಎಂ.ಎಸ್ಸಿ. ಮುಗಿಸುತ್ತಿದ್ದ ವರ್ಷ, ಒಂದು ಶನಿವಾರ ಭಾನುವಾರಕ್ಕೆ ಊರಿಗೆ ಬಂದಿದ್ದೆ. ಮನೆಯಲ್ಲಿ ಒಂದು ಮಾತು ಎದ್ದಿತ್ತು. ನಮ್ಮಲ್ಲಿ ತಮ್ಮನ ಮಗಳನ್ನು ಕೇಳುವ ಮೊದಲ ಹಕ್ಕು ಅಕ್ಕನ ಮಗನದು. ಅತ್ತೆ ಕೇಳಿದ್ದರು. ಆಡಿ ಕಳೆದು ಆವಣಿ ತಿಂಗಳು ಹುಟ್ಟಿದ ಕೂಡಲೇ ತಾಂಬೂಲ ಎಂದು ಅಪ್ಪ ಒಪ್ಪಿದ್ದರು. ಅತ್ತೆಯ ಮಗನಲ್ಲಿ ಯಾವ ಕುಂದೂ ಇರಲಿಲ್ಲ. ನನಗೆ ಬೇಡವಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಅತ್ತೆ ಬಾಗಿಲಿಗೆ ಬಂದು, "ಬಾ, ಕರಡು ಹತ್ತಿ ಬರಾಣ" ಎಂದರು. ಸಣ್ಣ ಗುಡ್ಡಕ್ಕೆ ನಮ್ಮ ಮನೆಗಳಲ್ಲಿ ಕರಡು ಎನ್ನುತ್ತೇವೆ. ಚಪ್ಪಲಿಯನ್ನು ಬುಡದಲ್ಲಿ ಕಳ್ಳಿಯ ಮರೆಗೆ ಬಿಟ್ಟು ಬರಿಗಾಲಲ್ಲಿ ಹತ್ತುವುದು ಅವರ ರೂಢಿ. ಹತ್ತುವಾಗ ಮಾತು ಕೂಡದು. "ಮಾತಾಡಬೇಕಂದ್ರೆ ಕೂತ್ಕೊ" ಎನ್ನುವರು. ಆ ದಿನ ನಾವು ಕೂರಲೇ ಇಲ್ಲ. ಮೋಡ ನೋಡಿ, ಅವರ ಮಡಿಲಲ್ಲಿದ್ದ ಬೇಯಿಸಿದ ಕಡಲೆಕಾಯಿ ತಿನ್ನುತ್ತ ಇಳಿದೆವು.

ಭಾನುವಾರ ಇನ್ನೊಂದು ಗುಡ್ಡ. ಅರ್ಧ ದಾರಿಯಲ್ಲಿ ಅತ್ತೆ ಎಡಮಂಡಿ ಹಿಡಿದು ಬಂಡೆಯ ಮೇಲೆ ಕುಳಿತರು.

"ನನ್ನ ಕಾಲು ಇಷ್ಟೇ. ನೀ ಹೋಗಿ ನೋಡ್ಕೊಂಡು ಬಾ."

ನಾನೊಬ್ಬಳೇ ತುದಿಗೆ ಹೋದೆ. ಪಡುವಣ ಮಲೆಗಳು ಕಾಣುತ್ತಿರಲಿಲ್ಲ. ಕೆಳಗೆ ತೆಂಗು, ಗದ್ದೆ, ದ್ರಾಕ್ಷಿಯ ಚಪ್ಪರಗಳು. ಮೋಡ ನಿಲ್ಲದೆ ತೇನಿ ಊರಿನ ಕಡೆಗೆ ಸರಿಯುತ್ತಿತ್ತು. ಇಳಿದು ಬಂದು ಹಾಗೆಂದೆ.

"ಸರಿ. ಇನ್ನೊಂದು ಅದೆಯಲ್ಲ, ಅದ ಹೇಳು."

"ಏನದು ಅತ್ತೆ?"

"ಎರಡ್ ದಿವ್ಸದಿಂದ ಗಂಟಲಾಗೆ ಇಟ್ಕೊಂಡಿದ್ದೀಯಲ್ಲ, ಅದು. ಈಗ ಕೂತಿದ್ದೀವಿ."

ಉಗುರಿನ ನೀಲಿ ಗೆರೆ ನೋಡುತ್ತ ಹೇಳಿದೆ. "ಮದುವೆ ಬ್ಯಾಡ ಅತ್ತೆ. ಅಪ್ಪನಿಗೆ ಹೇಳಾಕ ಆಗಲ್ಲ."

ಅವರು ಕಡಲೆಕಾಯಿ ಸುಲಿಯುತ್ತ ಹೋದರು. "ನನ್ನ ಮಗನ್ಗೆ ಏನ್ ಕೊರೆ?"

"ಏನೂ ಇಲ್ಲ."

ಸುಲಿದದ್ದನ್ನೆಲ್ಲ ನನ್ನ ಅಂಗೈಗೆ ಸುರಿದರು. "ತಿನ್ನು. ಆಮೇಲೆ ನನ್ನ ಎಬ್ಬಿಸು."

ಇಳಿಯುವಾಗ ನನ್ನ ಭುಜ ಬಿಗಿಯಾಗಿ ಹಿಡಿದಿದ್ದರು. ನಮ್ಮ ಅಂಗಳಕ್ಕೆ ಬರುವ ಮೊದಲು ಮಾತ್ರ ಕೈ ತೆಗೆದು ನೆಟ್ಟಗೆ ನಡೆದರು.

"ಡೇ ತಂಬಿ, ನಿನ್ನ ಮಗಳು ನನಗೆ ಬ್ಯಾಡಪ್ಪಾ! ಅರ್ಧ ಕರಡು ಹತ್ತೋದ್ರೊಳಗೆ ಮಂಡಿ ಹಿಡ್ಕೊಂಡು ಕೂತ್ಬಿಟ್ಳು. ತೋಟದಾಗೆ ಮೈಲುತುತ್ತದ ಟ್ಯಾಂಕು ಯಾರು ಹೊರೋದು, ನೀನಾ? ಅವಳು ಓದ್ಲಿ. ಅದಕ್ಕೇ ಸರಿ."

ಅಪ್ಪನ ಮುಖ ಸಣ್ಣದಾಯಿತು. ಅಮ್ಮ ನನ್ನ ಕಾಲುಗಳನ್ನೇ ನೋಡಿದಳು.

ಅತ್ತೆಯ ಮಗ ಮುಂದಿನ ವರ್ಷ ನಿಲಕ್ಕೋಟ್ಟೈಯ ಹುಡುಗಿಯನ್ನು ಮದುವೆಯಾದ. ಒಡಹುಟ್ಟಿದ ತಮ್ಮನ ಮಗಳನ್ನೇ ಬೇಡವೆಂದವಳು ಎಂದು ನೆಂಟರು ಅತ್ತೆಯನ್ನು ವರ್ಷಗಟ್ಟಲೆ ಚುಚ್ಚಿದರು. ಅಪ್ಪ ಕೆಲವು ತಿಂಗಳು ಅವರ ಮನೆಯ ಮೆಟ್ಟಿಲು ಹತ್ತಲಿಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಓದಿದೆ. ಮನೆಯಲ್ಲಿ ಆಡುವುದಕ್ಕಷ್ಟೇ ಇದ್ದ ಕನ್ನಡದ ಅಕ್ಷರಗಳನ್ನೂ ಆಮೇಲೆ ಕಲಿತೆ.

ಹೋದ ಆಡಿಯಲ್ಲಿ ಅತ್ತೆ ತೀರಿಕೊಂಡರು. ಉಗುರಿನಲ್ಲಿ ನೀಲಿ ಇನ್ನೂ ಇತ್ತು. ಅವರು ಇರುವವರೆಗೆ ಆ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ನಾನು ಅವರಿಗೆ ಕೃತಜ್ಞತೆ ಹೇಳಿದ್ದು ಒಂದೇ ಸಲ, ಅದೂ ಬಾಯಿಬಿಟ್ಟಲ್ಲ.

ಆ ಭಾನುವಾರದ ಮರುದಿನ ಬೆಳಿಗ್ಗೆ ನಾನು ದಿಂಡಿಗಲ್ ಬಸ್ಸಿಗೆ ಹೊರಟೆ. ಅಪ್ಪ ಚೀಲ ಹಿಡಿದು ಜೊತೆಗೆ ಬಂದರು. ಅತ್ತೆ ತಮ್ಮ ಬಾಗಿಲಲ್ಲಿ ನಿಂತಿದ್ದರು. ಅವರ ಮನೆ ದಾಟಿ, ಬೀದಿ ದಾಟಿ, ಬಸ್ ನಿಲ್ದಾಣದವರೆಗೂ ನಾನು ಎಡಗಾಲು ಎಳೆಯುತ್ತ ಕುಂಟಿಕೊಂಡೇ ನಡೆದೆ.