ಹಣ್ಣಾಗದ ಕಾಯಿ

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ತೆಂಗಿನ ವಿಷಯದಲ್ಲಿ ನನಗೆ ತಿಳಿಯದ್ದೇ ಇಲ್ಲ ಎಂಬ ಭ್ರಮೆ ಮಾತ್ರ ಬೇಗ ಬಂದಿತ್ತು. ಒಂದು ಮಧ್ಯಾಹ್ನ ಕಣಕಟ್ಟೆಯ ವಿಶಾಲಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿದರೆ, "ಮೂರು ಕಾಯಿ ಹಣ್ಣಾಗವೆ ಕಣೋ ಇಂದ್ರೇಶ, ಇನ್ನೊಂದು ಉಳ್ದೈತೆ, ಆಮೇಲ್ ಮಾಡು" ಎಂದು ಇಟ್ಟೇಬಿಟ್ಟಳು.

ತೋಟಕ್ಕೆ ಯಾವುದೋ ಹೊಸ ರೋಗ ಬಿದ್ದಿದೆ ಎಂದು ಗಾಬರಿಯಾಗಿ ಸಾಹುಕಾರ ಚಿದಂಬರಣ್ಣನವರ ಹತ್ತಿರ ರಜೆ ಕೇಳಿದೆ.

"ತೆಂಗಿನಕಾಯಿ ಹಣ್ಣಾಯ್ತಾ? ಹೋಗಪ್ಪ ಹೋಗು. ನಂಗೂ ಒಂದು ತಗಂಬಾ, ಸಿಪ್ಪೆ ಸುಲ್ಕಂಡು ತಿನ್ನಾಣ."

ಹೋಗಿ ನೋಡಿದರೆ ದೊಡ್ಡಮ್ಮ ಪಕ್ಕದ ಮನೆಯ ಬೋರಮ್ಮನ ಜೊತೆ ಜಗಲಿಯಲ್ಲಿ ಚೌಕಾಬಾರ ಆಡುತ್ತಿದ್ದಾಳೆ. ಆಟದ ಕಾಯಿ ಸುತ್ತು ಮುಗಿಸಿ ನಡುಮನೆ ಸೇರಿದರೆ ಅದು 'ಹಣ್ಣು'. ನಾನು ಓಡಿಬಂದ ಕಾರಣ ಕೇಳಿ ಬೋರಮ್ಮ ನಕ್ಕ ರಭಸಕ್ಕೆ ಮೊಣಕಾಲು ತಗುಲಿ ಕಾಯಿಗಳೆಲ್ಲ ಮನೆ ತಪ್ಪಿದವು. ದೊಡ್ಡಮ್ಮ ಮಾತ್ರ ನಗಲಿಲ್ಲ. ಗೆಲ್ಲುವ ಆಟ ಕೆಟ್ಟಿತ್ತಲ್ಲ.

ದೊಡ್ಡಮ್ಮ ಅಂದರೆ ಹೀಗೆ. ತೋಟದ ಕೆಲಸ, ಹಸು, ಊರ ಮಠಕ್ಕೆ ಬಂದವರ ಊಟ ಎಲ್ಲ ಮುಗಿದ ಮೇಲೆ ಅವಳಿಗೆ ಆಟ ಬೇಕು. ಟಿವಿ ಒಪ್ಪುವುದಿಲ್ಲ. "ಅದ್ರಾಗೆ ಅವ್ರೇ ಆಡ್ಕಂತಾರೆ, ನಮಗೆಲ್ಲಿ ಪಾಳಿ ಬತ್ತದೆ?" ಎನ್ನುತ್ತಾಳೆ. ಜಗಲಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದ ಗೀಟು ಅಳಿಸಿದ್ದನ್ನು ನಾನು ಕಂಡಿಲ್ಲ.

ಈ ದಸರಾ ರಜೆಗೆ ದೊಡ್ಡಮ್ಮನ ಮೊಮ್ಮಗಳು ನಯನಾ ಹಾಸ್ಟೆಲಿನಿಂದ ನೇರ ಅಜ್ಜಿ ಮನೆಗೆ ಬಂದಿದ್ದಳು. ಬಂದವಳು ಮೂಲೆ ಹಿಡಿದು, ತಲೆ ಬಗ್ಗಿಸಿ ಮೊಬೈಲಿನಲ್ಲಿ ಸಿನಿಮಾ, ಸೀರಿಯಲ್ಲು, ಊಟಕ್ಕೆ ಕರೆದರೆ "ಒಂದ್ ನಿಮಿಷ ಅಜ್ಜಿ." ಭಾನುವಾರ ನಾನು ಹೋದಾಗ ಅವಳು ಬ್ಯಾಗು ಕಟ್ಟಿ ಕೂತಿದ್ದಳು. ಅರಸೀಕೆರೆಯ ಗೆಳತಿ ಶಿಲ್ಪಶ್ರೀ ಮನೆಗೆ ದೊಡ್ಡ ಟಿವಿ ಬಂದಿದೆಯಂತೆ. ಉಳಿದ ರಜೆಯೆಲ್ಲ ಅಲ್ಲೇ, ಆಮೇಲೆ ಸೀದಾ ಹಾಸ್ಟೆಲ್.

"ಸಂಜೆ ಬಸ್ಸಿಗೆ ಇಂದ್ರೇಶ ಮಾವನ ಜೊತೆ ಹೋಗು" ಎಂದಳು ದೊಡ್ಡಮ್ಮ, ಸಲೀಸಾಗಿ. "ಅಲ್ಲೀಗಂಟ ಒಂದಾಟ ಆಡಾಣ. ಮುಗ್ಸಿ ಹೋಗ್ಬೇಕು. ನಡುವೆ ಎದ್ದೋರು ಸೋತಂಗೆ."

ಸೋಲುವುದೆಂದರೆ ನಯನಾಗೆ ಆಗದು. ಮೊಬೈಲನ್ನು ರಾಗಿಹಿಟ್ಟಿನ ಡಬ್ಬದ ಮೇಲಿಟ್ಟು ಕೂತಳು. ದೊಡ್ಡಮ್ಮನವು ಚಿಪ್ಪಿನ ಚೂರು, ಅವಳವು ಬಳೆ ಚೂರು. ದಾಳಕ್ಕೆ ಒಂದು ಮಗ್ಗುಲು ತೇಯ್ದ ಹುಣಸೆಬೀಜ.

ಈ ಆಟದಲ್ಲಿ ಎದುರಿನವರ ಒಂದು ಕಾಯನ್ನಾದರೂ ಕಡಿಯದೆ ನಮ್ಮದು ಒಳಸುತ್ತಿಗೆ ಹೋಗುವಂತಿಲ್ಲ. ಅಡ್ಡಗೀಟು ಎಳೆದ ಮನೆಯಲ್ಲಿ ಕೂತ ಕಾಯನ್ನು ಕಡಿಯುವಂತಿಲ್ಲ. ದೊಡ್ಡಮ್ಮನ ಕಾಯಿಗಳು ಒಂದು ಗೀಟುಮನೆಯಿಂದ ಇನ್ನೊಂದಕ್ಕೆ ಹಾರಿ ಭದ್ರವಾಗಿ ಕೂರುತ್ತಿದ್ದವು. ನಯನಾಗೆ ಕಡಿಯಲು ಸಿಗಲಿಲ್ಲ. ಆದರೆ ನಯನಾಳ ಕಾಯಿ ಬಯಲಲ್ಲಿ ಎದುರಿಗೇ ಬಂದರೂ ದೊಡ್ಡಮ್ಮ ಬೇರೆ ಕಾಯಿ ನಡೆಸಿದಳು. ಮತ್ತೆ ಬಂತು, ಮತ್ತೆ ಬಿಟ್ಟಳು.

ಪಾಪ, ಕಣ್ಣು ಮಂಜಾಗಿದೆ ಎಂದುಕೊಂಡೆ. ಈ ತಿಂಗಳ ಸಂಬಳದಲ್ಲಿ ಕನ್ನಡಕ ಕೊಡಿಸಿ ಒಳ್ಳೆಯ ಮಗ ಅನ್ನಿಸಿಕೊಳ್ಳುವವರೆಗೂ ಯೋಚನೆ ಹೋಯಿತು. ಮೆಲ್ಲಗೆ, "ದೊಡ್ಡಮ್ಮ, ಅದನ್ನ ಕಡೀಬಹುದಿತ್ತು" ಎಂದೆ.

"ತೆಂಗಿನಕಾಯಿ ಹಣ್ಣಾಗೋದ್ ನೋಡಕ್ ಬಂದೋನು ನೀನು. ಸುಮ್ಕಿರು."

ನಯನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಕಥೆ ಅವಳಿಗೆ ಗೊತ್ತಿರಲಿಲ್ಲ. ಪೂರ್ತಿ ಹೇಳಿಸಿಕೊಂಡಳು, ಚಿದಂಬರಣ್ಣನ ಮಾತನ್ನು ಎರಡು ಸಲ. ಬೀಜ ಉರುಳುತ್ತಿದ್ದವು, ಕಾಯಿಗಳು ಹೊರಸುತ್ತಿನಲ್ಲೇ ಗಿರಕಿ ಹೊಡೆಯುತ್ತಿದ್ದವು. ಡಬ್ಬದ ಮೇಲೆ ಮೊಬೈಲು ಕುಂಯ್‌ಗುಟ್ಟಿದರೂ ಅವಳು ತಿರುಗಲಿಲ್ಲ.

ಅಷ್ಟರಲ್ಲಿ ಬಸ್ಸಿನ ಹಾರನ್. ನಯನಾ ಧಡಕ್ಕನೆ ಎದ್ದು ಬ್ಯಾಗಿಗೆ ಕೈಹಾಕಿದಳು.

"ಸೋತೆ ಅಂತ ಹೇಳಿ ಹೋಗೇ" ಎಂದಳು ದೊಡ್ಡಮ್ಮ.

ಹುಡುಗಿ ಬ್ಯಾಗು ನೋಡಿದಳು, ಆಟದ ಮನೆ ನೋಡಿದಳು, ಕೂತಳು. ಬಸ್ಸು ಹೋಯಿತು. ಅದೇ ಕೊನೆಯದು, ನನ್ನದೂ. ಯಾರೂ ನನ್ನನ್ನು ಕೇಳಲಿಲ್ಲ.

ದೊಡ್ಡಮ್ಮನ ಪಾಳಿ. ನಯನಾಳ ಕಾಯಿ ಮತ್ತೆ ಎದುರಿಗೇ ಇತ್ತು. ದೊಡ್ಡಮ್ಮ ಮತ್ತೆ ಬಿಟ್ಟಳು. ಈ ಸಲ ನಯನಾ ಕಣ್ಣು ಕಿರಿದು ಮಾಡಿದಳು.

"ಅಜ್ಜಿ, ನಾನು ಹೋಗ್ಬಾರ್ದು ಅಂತಾನೇ ಆಟ ಎಳೀತಿದ್ಯಾ?"

ನಾನು ಕಂಬದ ಕಡೆ ನೋಡಿದೆ. ದೊಡ್ಡಮ್ಮ ಬೀಜಗಳನ್ನು ಅವಳ ಅಂಗೈಗೆ ಹಾಕಿದಳು.

"ಹೂಂ ಕಣೇ, ಬೇಕಂತ್ಲೇ. ಬಂದಾಗಿಂದ ನಿನ್ ನೆತ್ತಿ ಒಂದೇ ನೋಡಿವ್ನಿ, ಮಕ ಕಂಡಿದ್ದು ಇವತ್ತೇಯ. ಹಾಕು."